ಬಸ್ಸಿನ ಮರೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಬಸ್ಸಿನ ಸ್ಟಿಯರಿಂಗ್ ಹಿಡಿದವನಲ್ಲ, ಪರದೇಶ ಕಂಡವನಲ್ಲ. ಎಲ್ಲಾದರೂ ಎಡವಿದ್ದರೆ ತಿಳಿದವರು ದೊಡ್ಡ ಮನಸ್ಸು ಮಾಡಬೇಕು. ಹೇಳದೆ ಸುಮ್ಮನಿರಲೂ ಮನಸ್ಸು ಒಪ್ಪುತ್ತಿಲ್ಲ.

ಸಿಟಿ ಬಸ್ಸಿನ ಡ್ರೈವರ್ ಒಬ್ಬನಿದ್ದ. ಮದುವೆಯಾಗದವನು. ಅವನ ಅಕ್ಕ ಎರಡು ದೇಶಗಳಲ್ಲಿ ಮುದುಕರ ಆರೈಕೆಯ ಕೆಲಸ ಮಾಡಿ, ಅದು ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಅವನ ಮನೆಯ ಮಹಡಿ ಕೋಣೆಗೆ ಬಂದಳು. ಬಂದವಳ ಬಾಯಲ್ಲಿ ರಸ್ತೆಯದೇ ಮಾತು.

“ಮೊದಲನೇ ದೇಶದಲ್ಲಿ ರಸ್ತೆ ಖಾಲಿ ಬಿದ್ದಿದ್ರೂ ಜನ ಹಸಿರು ದೀಪ ಬರೋವರೆಗೂ ಕಂಬದ ಥರ ನಿಂತಿರ್ತಾರೆ. ಎರಡನೇದ್ರಲ್ಲಿ ಸೈಕಲ್‌ನವರಿಗೇ ಬೇರೆ ದಾರಿ. ನಡೆಯೋರು ಬಿಳಿ ಪಟ್ಟೆ ಮೇಲೆ ಕಾಲಿಟ್ರೆ ಸಾಕು, ಲಾರಿನೂ ನಿಲ್ಲುತ್ತೆ. ಇಲ್ಲಿ?”

“ಇಲ್ಲೂ ಬಿಳಿ ಪಟ್ಟೆ ಇದೆಯಲ್ಲಕ್ಕ. ಬಣ್ಣದ ಡಬ್ಬಿ ಖಾಲಿ ಆಗ್ಬೇಕಲ್ಲ.”

ಅಕ್ಕ ನಗಲಿಲ್ಲ. “ನೀನು ಯಾವತ್ತಾದ್ರೂ ಪಟ್ಟೆ ಹತ್ರ ಬಸ್ ನಿಲ್ಸಿದೀಯಾ? ಎದೆ ಮುಟ್ಕೊಂಡು ಹೇಳು.”

ಅವನು ತಲೆ ಕೆರೆದುಕೊಂಡ.

ಅಕ್ಕನಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಸಿಕ್ಕಿತು. ಮಗಳು ಒಬ್ಬಳೇ ಶಾಲೆಗೆ ಹೋಗಬೇಕಾಯಿತು. ಶಾಲೆಯ ಮುಂದಿನದು ಅಗಲದ ರಸ್ತೆ, ಏಕಮುಖ ಸಂಚಾರದ ಎರಡು ಸಾಲು ವಾಹನ. ರಸ್ತೆ ದಾಟಲು ಹುಡುಗಿ ಪರದೇಶದಲ್ಲಿ ಕಲಿತದ್ದು ಒಂದೇ ರೀತಿ: ಡ್ರೈವರನ ಕಣ್ಣು ನೋಡು, ಕೈ ಎತ್ತು, ನಡೆ. “ಕೋಳಿ ಥರ ಓಡ್ಬಾರ್ದು ಮಾಮ, ಅಮ್ಮ ಹೇಳಿದಾಳೆ,” ಎಂದು ಅವಳು ಮನೆಯ ಪಡಸಾಲೆಯಲ್ಲೇ ನಡೆದು ತೋರಿಸಿದಳು. ಶಾಲೆಯ ಮುಂದಿನ ಆ ರಸ್ತೆ ಅವನು ದಿನವೂ ಬಸ್ಸು ಓಡಿಸುವ ರಸ್ತೆ. ಪಟ್ಟೆಗಳ ಮೇಲೆ ಯಾರದೋ ಒಂಟಿ ಚಪ್ಪಲಿ ಬಿದ್ದಿರುವುದನ್ನು ಅವನು ಎಷ್ಟೋ ಸಲ ನೋಡಿ, ನೋಡದವನಂತೆ ಮುಂದೆ ಹೋಗಿದ್ದ.

ಒಂದು ಬೆಳಿಗ್ಗೆ ಪಟ್ಟೆಯ ಅಂಚಿನಲ್ಲಿ ಅವಳೇ ನಿಂತಿದ್ದಳು, ಕೈ ಎತ್ತಿಕೊಂಡು. ಅವನು ಬ್ರೇಕ್ ಒತ್ತಿದ. ಬಸ್ಸಿನೊಳಗೆ ನಿಂತಿದ್ದ ಜನ ಒಬ್ಬರ ಮೇಲೊಬ್ಬರು ವಾಲಿದರು.

“ಯಾಕಣ್ಣ, ಮಂತ್ರಿ ಬಂದ್ರಾ?” ಹಿಂದಿನಿಂದ ಕಂಡಕ್ಟರ್ ಕೂಗಿದ.

“ನಮ್ಮಕ್ಕನ ಮಗಳು ಕಣೋ.”

“ಹಾಗಾದ್ರೆ ಮಂತ್ರಿಗಿಂತ ದೊಡ್ಡೋರು, ದಾಟ್ಲಿ ಬಿಡು.”

ಅವನು ನಗುತ್ತಲೇ ಕನ್ನಡಿ ನೋಡಿದ. ಹಿಂದಿದ್ದ ಸಾಮಾನಿನ ವ್ಯಾನೊಂದು, ಬಸ್ಸು ಕೆಟ್ಟು ನಿಂತಿದೆ ಅಂದುಕೊಂಡಿರಬೇಕು, ಪಕ್ಕದ ಸಾಲಿಗೆ ಹೊರಳಿ ಭರ್ರೆಂದು ಬರುತ್ತಿತ್ತು. ಹುಡುಗಿ ಅದಕ್ಕೆ ಕಾಣಳು. ಅದು ಹುಡುಗಿಗೆ ಕಾಣದು. ನಡುವೆ ಮರೆಯಾಗಿ ಅವನ ಬಸ್ಸೇ ನಿಂತಿತ್ತು.

ಅವನು ಹಾರ್ನ್ ಮೇಲೆ ಅಂಗೈ ಒತ್ತಿದ. ಬಸ್ಸಿನ ಮೂತಿ ದಾಟಲಿದ್ದವಳು ನಿಂತು ಅವನ ಕಡೆ ತಿರುಗಿದಳು. ನಿಲ್ಲಿಸಿದವರಿಗೆ ಥ್ಯಾಂಕ್ಸ್ ಹೇಳಬೇಕು ಎಂದೂ ಅಮ್ಮ ಕಲಿಸಿದ್ದಳು. ನಕ್ಕು ಕೈ ಬೀಸಿದಳು. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ವ್ಯಾನು ಹಾದುಹೋಯಿತು. ಜಡೆ ಹಾರಿ ಭುಜದ ಮೇಲೆ ಬಿತ್ತು. ಅವಳು ಗಾಳಿ ಅಂದುಕೊಂಡು ನಿಧಾನವಾಗಿ ದಾಟಿದಳು. ಅವನು ಗೇರ್ ಹಾಕಿ ಬಸ್ಸು ಹೊರಡಿಸಿದ. ಎಂದಿನಂತೆ ನಿಲ್ಲಿಸದೆ ಹೋಗಿದ್ದರೆ ಮಗು ಅಂಚಿನಲ್ಲೇ ಇರುತ್ತಿತ್ತಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆ ಅಕ್ಕ ಮುಖ ಅರಳಿಸಿಕೊಂಡು ಟೀ ತಂದಿಟ್ಟಳು. “ನಿಲ್ಸಿದ್ಯಂತೆ. ಅಂತೂ ಮನುಷ್ಯ ಆದೆ.”

ಅವನು ನಡೆದದ್ದನ್ನು ಹೇಳಿದ. ಅಕ್ಕ ತನ್ನ ಲೋಟ ಬದಿಗಿಟ್ಟಳು.

“ತಪ್ಪು ಆ ವ್ಯಾನಿನೋನ್ದು.”

“ತಪ್ಪು ಅವನದೇ ಅಕ್ಕ. ಸಾಯೋದು ಅವನಲ್ಲ.”

“ಹಾಗಂತ ಮಗೂಗೆ ಹೆದರೋದು ಕಲಿಸ್ಲಾ?”

ಇಬ್ಬರೂ ಸೇರಿ ಹುಡುಗಿಯನ್ನು ಕೂರಿಸಿಕೊಂಡು, ಬಸ್ಸು ನಿಂತರೂ ಅದರ ಆಚೆ ಬಗ್ಗಿ ನೋಡಬೇಕು ಎಂದು ಹೇಳಿದರು. ಅವಳು ಹೂಂ ಅಂದಳು. ಆಮೇಲೆ, “ನಮ್ಮ ಕ್ಲಾಸಿನೋರಿಗೆಲ್ಲ ಹೇಳಿದೀನಿ ಮಾಮ, ನಮ್ಮ ಬಸ್ ನಿಲ್ಲುತ್ತೆ ಅಂತ. ನಾಳೆಯಿಂದ ಅವರೂ ಅಲ್ಲೇ ದಾಟ್ತಾರೆ,” ಅಂದಳು.

ಮರುದಿನ ಅಂಚಿನಲ್ಲಿ ಕೈಗಳ ಒಂದು ಸಾಲೇ ಎದ್ದು ನಿಂತಿತ್ತು. ಅವನಿಗೆ ಬೇರೇನೂ ತೋಚಲಿಲ್ಲ. ಬಸ್ಸನ್ನು ಓರೆಯಾಗಿ ತಿರುಗಿಸಿ ಎರಡೂ ಸಾಲಿಗೆ ಅಡ್ಡ ನಿಲ್ಲಿಸಿದ. ಹಿಂದೆ ಹಾರ್ನುಗಳು ಅರಚಿದವು, ಯಾರೋ ಅವನ ಅಪ್ಪ ಅಮ್ಮನನ್ನು ಎಳೆತಂದು ಬೈದರು. ಮಕ್ಕಳು ಕೈ ಬೀಸುತ್ತ ದಾಟಿದರು. ಅಂದಿನಿಂದ ಅವನು ದಿನವೂ ಹಾಗೇ ಮಾಡಿದ. ದೂರು ಹೋಯಿತು.

“ನಿಂಗೆ ಸಂಬಳ ಬಸ್ ಓಡ್ಸೋಕಾ, ಅಡ್ಡ ಹಾಕೋಕಾ?” ಎಂದರು ಡಿಪೋ ಮ್ಯಾನೇಜರ್.

“ಅಲ್ಲೊಬ್ಬ ಪೊಲೀಸ್‌ನೋರನ್ನ ನಿಲ್ಸೋ ಹಾಗೆ ಮಾಡಿ ಸಾರ್, ನಾನ್ಯಾಕೆ ಅಡ್ಡ ಹಾಕ್ಲಿ?”

“ಅದು ನಮ್ಮ ಕೆಲಸ ಅಲ್ಲಪ್ಪ.”

ಅವನನ್ನು ಊರಿನ ಇನ್ನೊಂದು ತುದಿಯ ರೂಟಿಗೆ ಹಾಕಿದರು. ಅಕ್ಕ ಪಾಳಿ ಬದಲಾಯಿಸಿಕೊಡಿ ಎಂದು ಕೇಳಿದ್ದಾಳೆ. ಆಸ್ಪತ್ರೆಯವರು ನೋಡೋಣ ಅಂದಿದ್ದಾರೆ. ಮಕ್ಕಳು ನಂಬಿದ್ದು ಡ್ರೈವರನನ್ನಲ್ಲ, ಬಸ್ಸಿನ ನಂಬರನ್ನು. ಆ ನಂಬರು ದೂರದಲ್ಲಿ ಕಂಡರೆ ಈಗಲೂ ಕೈ ಎತ್ತುತ್ತಾರೆ.

ಅದನ್ನು ಈಗ ಓಡಿಸುವವನು ಯಾರೋ ಹೊಸಬನಂತೆ. ಅವನು ನಿಲ್ಲಿಸುತ್ತಾನೋ ಇಲ್ಲವೋ, ನಿಲ್ಲಿಸಿದರೆ ಕನ್ನಡಿ ನೋಡುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ.