ಮಾವನ ವಿಮಾನಕ್ಕೆ ಅಳಿಯನ ಲಗಾಮು

ದಾವಣಗೆರೆಯ ಮಾವ ಹಿಂದೆಂದೋ ಹಗುರ ಕಡ್ಡಿ, ತೆಳು ಕಾಗದದಲ್ಲಿ ಕಟ್ಟಿದ್ದ ಪುಟ್ಟ ವಿಮಾನಕ್ಕೆ ಯಾರ ಹತೋಟಿಯೂ ಇರಲಿಲ್ಲ. ಮೂತಿಯ ಫ್ಯಾನಿಗೆ ಕಟ್ಟಿದ ರಬ್ಬರ್ ಸುತ್ತಿ ಬಿಟ್ಟರೆ ತಾನೇ ಗಿರಕಿ ಹೊಡೆದು ಮೆಲ್ಲಗೆ ಇಳಿಯುತ್ತಿತ್ತು. ಅಳಿಯ ವಿಶ್ವನಾಥರಿಗೆ ಸಹಿಸಲಾಗದ್ದು ಇದೇ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ನಲವತ್ತು ಜನರನ್ನು ಆಳುವ ಮ್ಯಾನೇಜರ್ ಅವರು. ತಮ್ಮನ್ನು ಕೇಳದೆ ಒಂದು ಹುಲ್ಲುಕಡ್ಡಿಯೂ ಅಲುಗಬಾರದು. ತಿಂಗಳುಗಟ್ಟಲೆ ಕೂತು, ಬಾಲ ತಿರುಗಿಸಲು ಮೋಟಾರು, ಹೊಟ್ಟೆಗೆ ಬ್ಯಾಟರಿ ತುರುಕಿ, ಅದನ್ನು ರಿಮೋಟಿನ ಅಂಕೆಗೆ ತಂದರು.

ಭಾನುವಾರ, ಕೊಳಕು ನೊರೆ ಉಕ್ಕುವ ವರ್ತೂರು ಕೆರೆ ಪಕ್ಕದ ಖಾಲಿ ಸೈಟಿನಲ್ಲಿ ಹೆಂಡತಿ ಶಾಂಭವಿ ಎಂದಿನಂತೆ ರಬ್ಬರ್ ಸುತ್ತಿ ವಿಮಾನವನ್ನು ಗಾಳಿಗೆ ಬಿಟ್ಟರು. ವಿಶ್ವನಾಥರು ಹಲ್ಲು ಕಚ್ಚಿಕೊಂಡು ರಿಮೋಟು ಒತ್ತಿದ್ದೇ ಒತ್ತಿದ್ದು. ವಿಮಾನ ಚೆಂದವಾಗಿ ಸುತ್ತು ಹಾಕಿ ಅವರ ಕಾಲ ಬಳಿಯೇ ಹೂವಿನಂತೆ ಇಳಿಯಿತು.

"ನೋಡಿದ್ಯಾ, ಕಂಟ್ರೋಲ್ ಅಂದ್ರೆ ಇದು!" ಎಂದು ಬೀಗಿದರು.

ಶಾಂಭವಿ ಅದನ್ನೆತ್ತಿ ಹೊಟ್ಟೆಯ ಕಡೆ ನೋಡಿದರು. "ಬ್ಯಾಟರಿ ಸ್ವಿಚ್ಚೇ ಹಾಕಿಲ್ವಲ್ರೀ!"

ವಿಶ್ವನಾಥರು ಇಂಗು ತಿಂದ ಮಂಗನಂತಾದರು. ಆದರೂ ಮ್ಯಾನೇಜರು ತಾನೇ? ಸ್ವಿಚ್ ಹಾಕಿ ಮತ್ತೆ ಹಾರಿಸಿದರು. ಈ ಸಲ ವಿಮಾನ ಅವರ ಮಾತನ್ನು ಚಾಚೂ ತಪ್ಪದೆ ಕೇಳಿ, ನೆಟ್ಟಗೆ ಹೋಗಿ ಕೆರೆಯ ನೊರೆಯಲ್ಲಿ ಮುಳುಗಿತು.