ಯಾರ ಪಾಪವೂ ಅಲ್ಲ

ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷಕ್ಕೆ ಜೀವವಿಕಾಸದ ಪಾಠ ಎಲ್ಲರಿಗೂ ಕಡ್ಡಾಯ. ಅದು ಗೊತ್ತಾದ ಭಾನುವಾರವೇ ಪಾಸ್ಟರ್ ದೊಡ್ಡವಳನ್ನು ಚರ್ಚಿನ ಹಿಂದಿನ ಕೋಣೆಗೆ ಕರೆದು, ಹತ್ತು ಪ್ರಶ್ನೆಗಳಿದ್ದ ಒಂದು ಹಾಳೆ ಕೈಗಿಟ್ಟರು.

"ಹೆದರಬೇಡಮ್ಮ. ಒಂದೊಂದೇ ಕೇಳು. ಅವರ ಹತ್ತಿರ ಉತ್ತರ ಇರೋದಿಲ್ಲ."

ದೊಡ್ಡವಳು ಅನ್ನುವುದು ಮನೆಯವರು ಕರೆಯುವ ಹೆಸರು. ಅವಳಿಗಿಂತ ಮೂರು ವರ್ಷ ಕಿರಿಯ ತಮ್ಮನಿದ್ದ, ಅವನು ಚಿಕ್ಕವನು. ಅಪ್ಪ ಬಸ್ಸಿನ ಡ್ರೈವರ್. ಅಮ್ಮ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲಾಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಎರಡು ಕೋಣೆಯ ಮನೆ. ಒಂದರಲ್ಲಿ ಚಿಕ್ಕವನ ಮಂಚ ಮತ್ತು ಗಾಲಿಕುರ್ಚಿ, ಇನ್ನೊಂದರಲ್ಲಿ ಉಳಿದೆಲ್ಲ. ಚಿಕ್ಕವನು ಹತ್ತನೇ ವಯಸ್ಸಿನಿಂದ ನಡೆದಿರಲಿಲ್ಲ.

ಮೊದಲ ವಾರವೇ ಅವಳು ಎದ್ದು ನಿಂತು ಹಾಳೆಯ ಮೊದಲ ಪ್ರಶ್ನೆ ಕೇಳಿದಳು. "ಮೇಡಂ, ಅರ್ಧ ರೆಕ್ಕೆ ಇಟ್ಕೊಂಡು ಹಕ್ಕಿ ಏನು ಮಾಡುತ್ತೆ?"

ಹಿಂದಿನ ಬೆಂಚಿನಿಂದ ನಗು ಬಂತು. ಮೇಡಂ ನಗಲಿಲ್ಲ. ನರೆತ ಕೂದಲಿನ, ಸದಾ ಕೈಯಲ್ಲಿ ಸೀಮೆಸುಣ್ಣ ಹಿಡಿದಿರುತ್ತಿದ್ದ ಹೆಂಗಸು ಆಕೆ. "ಒಳ್ಳೇ ಪ್ರಶ್ನೆ" ಎಂದವರೇ, ಹಾರಲು ಬಾರದ ಮರಿಗಳು ಸಹ ಮೋಟು ರೆಕ್ಕೆ ಬಡಿದುಕೊಂಡು ಕಡಿದಾದ ಏರನ್ನು ಹೇಗೆ ಹತ್ತುತ್ತವೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಇಪ್ಪತ್ತು ನಿಮಿಷ ಹೇಳಿದರು. ಕೊನೆಗೆ ಕೇಳಿದ್ದಕ್ಕೆ ಥ್ಯಾಂಕ್ಸ್ ಅಂದರು. ಗದರಿದ್ದರೆ ಎಷ್ಟೋ ವಾಸಿಯಿತ್ತು. ಅಂದು ಕ್ಲಾಸು ಬಿಡುವಷ್ಟರಲ್ಲಿ, ಬೇಡವೆಂದ ಹಣ್ಣು ತಿಂದ ಬೈಬಲಿನ ಮೊದಲ ಹೆಣ್ಣಿನ ಹೆಸರು, 'ಹವ್ವ', ಅವಳಿಗೆ ಅಡ್ಡಹೆಸರಾಗಿ ಅಂಟಿಕೊಂಡಿತ್ತು. ಕ್ಯಾಂಟೀನಿನಲ್ಲಿ ಯಾರೋ ಅವಳ ತಟ್ಟೆಯ ಪಕ್ಕ ಒಂದು ಸೇಬು ಇಟ್ಟು ಹೋದರು. ಅವಳು ಅದನ್ನು ಮನೆಗೆ ತಂದು ಚಿಕ್ಕವನಿಗೆ ಹೆಚ್ಚಿಕೊಟ್ಟಳು.

"ದಿನಾ ಇಡೋಕೆ ಹೇಳು," ಎಂದ ಅವನು, ಬಾಯ್ತುಂಬ ಅಗಿಯುತ್ತ.

ಉಳಿದ ಒಂಬತ್ತು ಪ್ರಶ್ನೆಗಳನ್ನು ಅವಳು ಕೇಳಲಿಲ್ಲ. ಪ್ರತಿ ಪಾಠಕ್ಕೆ ಮುಂಚೆ, ಯಾರಿಗೂ ತಿಳಿಯದ ಹಾಗೆ ಕಣ್ಣು ತೆರೆದುಕೊಂಡೇ ಪ್ರಾರ್ಥಿಸುತ್ತಿದ್ದಳು: ಕರ್ತನೇ, ನನ್ನ ನಂಬಿಕೆ ಅಲ್ಲಾಡದಿರಲಿ. ಆಮೇಲೆ ಮೇಡಂ ಮಾತು ಶುರುಮಾಡಿದರೆ ಗಂಟೆ ಹೊಡೆದದ್ದೇ ಗೊತ್ತಾಗುತ್ತಿರಲಿಲ್ಲ. ಪಾಠ ಚೆನ್ನಾಗಿತ್ತು. ಅದೇ ಅವಳಿಗೆ ನುಂಗಲಾರದ ತುತ್ತಾಗಿತ್ತು.

ಎರಡನೇ ತಿಂಗಳಲ್ಲಿ ಮೇಡಂ ವಂಶವಾಹಿಗಳ ಪಾಠಕ್ಕೆ ಬಂದರು. ದೇಹ ತನ್ನನ್ನು ತಾನೇ ನಕಲು ಮಾಡುವಾಗ ತಪ್ಪುಗಳಾಗುತ್ತವೆ ಎಂದರು. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ, ಕೆಲವು ಅನುಕೂಲಕ್ಕೆ ಬರುತ್ತವೆ, ಕೆಲವು ಕೊಲ್ಲುತ್ತವೆ. ಕೊಲ್ಲುವುದಕ್ಕೆ ಒಂದು ಉದಾಹರಣೆ ಕೊಟ್ಟರು.

"ಗಂಡುಮಕ್ಕಳಿಗೆ ಬರೋ ಒಂದು ಸ್ನಾಯುರೋಗ ಇದೆ. ಮೀನಖಂಡ ದಪ್ಪ ಇರುತ್ತೆ, ಆದ್ರೆ ಬಲ ಇರೋದಿಲ್ಲ. ನೆಲದಿಂದ ಏಳುವಾಗ ಮಗು ತನ್ನ ತೊಡೆ ಮೇಲೇ ಕೈಯೂರಿ, ಮೈಯನ್ನೇ ಏಣಿ ಮಾಡ್ಕೊಂಡು ಏಳುತ್ತೆ. ಹತ್ತು ಹನ್ನೆರಡಕ್ಕೆಲ್ಲ ನಡಿಗೆ ನಿಲ್ಲುತ್ತೆ. ಆಮೇಲೆ ಶ್ವಾಸಕೋಶ, ಹೃದಯ. ಸಾಮಾನ್ಯವಾಗಿ ತಾಯಿಯಿಂದ ಬರುತ್ತೆ. ತಾಯಿಗೆ ಏನೂ ಆಗಿರೋದಿಲ್ಲ. ಈ ಹುಡುಗರಲ್ಲಿ ಬಹುಪಾಲು ಜನಕ್ಕೆ ಮಕ್ಕಳಾಗೋದಿಲ್ಲ. ಹಾಗಾಗಿ ಆ ತಪ್ಪು ಅವರ ಜೊತೆಗೇ ಅಳಿಸಿಹೋಗುತ್ತೆ. ಆದ್ರೆ ಬೇರೆ ಕಡೆ ಹೊಸ ತಪ್ಪು ಹುಟ್ಟುತ್ತಾನೇ ಇರುತ್ತೆ."

ಎಲ್ಲರೂ ಬರೆದುಕೊಳ್ಳುತ್ತಿದ್ದರು. ದೊಡ್ಡವಳ ಪೆನ್ನು ನಿಂತಿತು. ಆರನೇ ವಯಸ್ಸಿನ ಚಿಕ್ಕವನು ಅಡಿಗೆಮನೆಯ ನೆಲದಿಂದ ಏಳುತ್ತಿದ್ದದ್ದು ಹಾಗೆಯೇ. ಅಜ್ಜನ ಹಾಗೆ ಏಳ್ತಾನೆ ನೋಡು ಎಂದು ಅವಳೇ ನಕ್ಕಿದ್ದಳು.

ಕ್ಲಾಸು ಖಾಲಿಯಾದ ಮೇಲೆ ಮೇಡಂ ಹತ್ತಿರ ಹೋದಳು. "ಮೇಡಂ, ಆ ರೋಗ... ಅದು ಶಿಕ್ಷೆ ಅಲ್ವಾ?"

ಮೇಡಂ ಅವಳ ಮುಖ ನೋಡಿ ಸೀಮೆಸುಣ್ಣ ಕೆಳಗಿಟ್ಟರು. "ಇಲ್ಲಮ್ಮ. ಯಾರ ತಪ್ಪೂ ಅಲ್ಲ ಅದು. ಶಿಕ್ಷೆ ಕೊಡೋಕೆ ಅಲ್ಲಿ ಯಾರೂ ಇಲ್ಲ."

ಮೊದಲ ಮಾತಿಗೆ ಅವಳ ಎದೆಯ ಭಾರ ಇಳಿಯಿತು. ಕೊನೆಯ ಮಾತಿಗೆ ಕಾಲಡಿಯ ನೆಲವೇ ಕುಸಿದಂತಾಯಿತು. ಆದರೂ ಮೊದಲ ಮಾತನ್ನಷ್ಟೇ ಹಿಡಿದುಕೊಂಡು ಮನೆಗೆ ಓಡಿದಳು. ಯಾಕೆಂದರೆ ಮನೆಯಲ್ಲಿ ಆ ರೋಗಕ್ಕೆ ಬೇರೆಯೇ ಕಾರಣವಿತ್ತು. ಮದುವೆಗೆ ಮುಂಚೆ ಅಪ್ಪ ಕುಡಿದು ಬಂದು, ತನ್ನ ಹೆತ್ತ ತಂದೆಯ ಮೇಲೆ ಕೈ ಮಾಡಿದ್ದ. ಆಮೇಲೆ ಕುಡಿತ ಬಿಟ್ಟ, ಚರ್ಚಿಗೆ ಬಂದ. ಆದರೆ ಮಗನ ಕಾಲು ಸೋತಾಗ ಆ ಹಳೆಯ ಪಾಪವೇ ಮನೆ ಹುಡುಕಿಕೊಂಡು ಬಂತು ಎಂದುಕೊಂಡ. ಪಾಸ್ಟರ್ ಅಲ್ಲವೆನ್ನಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಅಪ್ಪ ಸಭೆಯ ಮುಂದೆ ನಿಂತು, ನನ್ನ ಪಾಪವನ್ನು ನನ್ನ ಮಗ ಹೊತ್ತಿದ್ದಾನೆ ಎಂದು ಸಾಕ್ಷಿ ಹೇಳುತ್ತಿದ್ದ. ಶುಕ್ರವಾರ ಉಪವಾಸವಿದ್ದೇ ಬಸ್ಸು ಓಡಿಸುತ್ತಿದ್ದ.

ಅಮ್ಮ ಮಿಷನ್ ತುಳಿಯುತ್ತಿದ್ದಳು. ದೊಡ್ಡವಳು ಏದುಸಿರು ಬಿಡುತ್ತ ಎಲ್ಲ ಹೇಳಿದಳು. "ಪಾಪ ಅಲ್ಲಮ್ಮ. ಬರೀ ನಕಲು ಮಾಡುವಾಗ ಆದ ತಪ್ಪು. ಅಪ್ಪಂದಲ್ಲ, ಯಾರದ್ದೂ ಅಲ್ಲ."

ಅಮ್ಮ ತಲೆಯೆತ್ತಲಿಲ್ಲ. ಕಾಲರಿನ ಅಂಚು ಮುಗಿಸಿ, ನೂಲು ಕತ್ತರಿಸಿದಳು.

"ಗೊತ್ತು."

"ಏನು ಗೊತ್ತು?"

"ಅವನಿಗೆ ಆರು ತುಂಬಿದಾಗಲೇ ಡಾಕ್ಟರು ಹೇಳಿದ್ರು. ನಿಮ್ಮ ತವರಲ್ಲಿ ಯಾರಿಗಾದ್ರೂ ಹೀಗೆ ಇತ್ತಾ ಅಂತ ಕೇಳಿದ್ರು. ನನ್ನ ತಮ್ಮ ಇದ್ದ. ಗೋಡೆಯಿಂದ ಬಿದ್ದು ಸೊಂಟ ಮುರೀತು ಅಂತ ಊರಿಗೆಲ್ಲ ಹೇಳಿದ್ವಿ. ಬಿದ್ದಿರಲಿಲ್ಲ ಅವನು. ಹದಿನಾಲ್ಕಕ್ಕೆ ಹೋದ."

"ಮತ್ತೆ ಅಪ್ಪನಿಗ್ಯಾಕೆ ಹೇಳ್ಲಿಲ್ಲ? ಹನ್ನೊಂದು ವರ್ಷ ಸುಮ್ನೆ ಕೇಳ್ಕೊಂಡು ಕೂತಿದ್ಯಲ್ಲಮ್ಮ!"

ಅಮ್ಮ ಆಗ ಅವಳ ಕಡೆ ತಿರುಗಿದಳು. "ಪಾಪ ಅಂದ್ರೆ ಇಬ್ರೂ ಮಂಡಿಯೂರಿ ಬೇಡ್ಕೋಬಹುದು. ಪಾಪಕ್ಕೆ ಕ್ಷಮೆ ಇದೆ. ಇದು ನನ್ನೊಬ್ಬಳಿಂದ ಬಂದಿದ್ದು. ಇದಕ್ಕೆ ಯಾರ ಹತ್ರ ಏನಂತ ಬೇಡ್ಕೊಳ್ಳಲಿ?"



ಒಳಗಿನ ಕೋಣೆಯಿಂದ ಚಿಕ್ಕವನ ದನಿ ಬಂತು. "ಕಾಲು ಹೋಗಿದೆ, ಕಿವಿ ಹೋಗಿಲ್ಲ. ಸ್ವಲ್ಪ ಮೆಲ್ಲಗೆ ಮಾತಾಡಿ."

ಕೇಳಿಸಿಕೊಂಡದ್ದನ್ನು ಅವನು ಮೂರು ವಾರ ಅಪ್ಪನಿಗೆ ಹೇಳಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಅಪ್ಪ ಸಾಕ್ಷಿ ಹೇಳಿ, ಅಳು ಮುಗಿಸಿ, ಅವನ ಕುರ್ಚಿಯನ್ನು ತಳ್ಳಿಕೊಂಡು ಮನೆಗೆ ಬಂದ. ಊಟಕ್ಕೆ ಕೂತಾಗ ಚಿಕ್ಕವನು ಮೆತ್ತಗೆ ಹೇಳಿದ: "ಅಪ್ಪ, ಇನ್ಮೇಲೆ ನನ್ನ ಕಾಲಿನ ವಿಷಯ ಅಲ್ಲಿ ಹೇಳ್ಬೇಡ. ಅದು ನಿನ್ನಿಂದ ಆಗಿದ್ದಲ್ಲ. ನೀನು ಅಷ್ಟು ಅಳೋದು ನನಗೆ ನೋಡೋಕಾಗಲ್ಲ." ಕೇಳಿದ್ದನ್ನೆಲ್ಲ ಹೇಳಿಬಿಟ್ಟ. ಅಪ್ಪನ ಹೊರೆ ಇಳಿಸುತ್ತಿದ್ದೇನೆ ಅಂತಲೇ ಅವನು ತಿಳಿದಿದ್ದ.

ಅಪ್ಪ ಅಮ್ಮನನ್ನು ನೋಡಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೊದಲಿನಿಂದಲೂ?"

"ಹೂಂ."

ಅಪ್ಪ ಕೈ ತೊಳೆದುಕೊಂಡ. ರಜೆಯಿದ್ದರೂ ಯೂನಿಫಾರಂ ತೊಟ್ಟು ಡಿಪೋಗೆ ಹೊರಟುಹೋದ. ಅಂದಿನಿಂದ ಅಮ್ಮನ ಜೊತೆ ಮಾತು ಬಿಟ್ಟ, ಚರ್ಚನ್ನೂ ಬಿಟ್ಟ. ಶುಕ್ರವಾರ ಎಲ್ಲರ ಜೊತೆ ಊಟಕ್ಕೆ ಕೂತ. ಆದರೆ ಕುಡಿತಕ್ಕೆ ಮರಳಲಿಲ್ಲ. ಮರಳಿದ್ದರೆ ಅಮ್ಮ ಅದಕ್ಕಾದರೂ ಬೈಯಬಹುದಿತ್ತು. ಒಮ್ಮೆ ದೊಡ್ಡವಳು ಡಿಪೋಗೆ ಊಟದ ಡಬ್ಬಿ ಕೊಡಲು ಹೋದಾಗ, ಅವನು ಖಾಲಿ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತಿದ್ದ.

"ಇಷ್ಟು ವರ್ಷ ನಾನು ಯಾರ ಹತ್ರ ಕ್ಷಮೆ ಕೇಳ್ತಿದ್ದೆ?" ಎಂದ. ಆಮೇಲೆ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, "ಹೋಗು, ಕಾಲೇಜಿಗೆ ಹೊತ್ತಾಯ್ತು," ಎಂದ.

ಭಾನುವಾರ ಪಾಸ್ಟರ್ ಅವಳನ್ನು ಚರ್ಚಿನ ಬಾಗಿಲಲ್ಲೇ ತಡೆದು ನಿಲ್ಲಿಸಿದರು. "ಅಲ್ಲಿ ಕಲಿತಿದ್ದನ್ನ ಮನೆಗೆ ತಂದ್ಯಲ್ಲಮ್ಮ. ಈಗ ನೋಡು."

ಅವಳು ನೋಡಿದ್ದಳು. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಚಳಿ ಶುರುವಾದಾಗ ಚಿಕ್ಕವನಿಗೆ ಎದೆಯಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಹಾಕುವ ಬಲ ಅವನಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಬೆಳಗ್ಗೆ ಅಮ್ಮ, ಸಂಜೆ ಅಪ್ಪ. ಇಬ್ಬರೂ ವರಾಂಡದಲ್ಲಿ ಎದುರಾದರೆ ಒಬ್ಬರು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ನಡುವಿನ ಹೊತ್ತಿನಲ್ಲಿ ದೊಡ್ಡವಳು ಕೂರುತ್ತಿದ್ದಳು. ಏಳನೇ ದಿನ ಅವನು ಆಮ್ಲಜನಕದ ಮಾಸ್ಕ್ ಸರಿಸಿ ಕೇಳಿದ:

"ಅಕ್ಕ, ನಿಮ್ಮ ಮೇಡಂ ಲೆಕ್ಕದಲ್ಲಿ ನಾನೇನು? ತಪ್ಪು ಅಚ್ಚಾದ ಪುಸ್ತಕಾನಾ?"

"ಒಂದು ಸಾಲು ಬಿಟ್ಟುಹೋಗಿದೆ ಕಣೋ. ಅಷ್ಟೇ."

"ಉಳಿದಿದ್ದು?"

"ಉಳಿದಿದ್ದು ಚೆನ್ನಾಗಿದೆ."

"ನಿನಗೆ ಮಾರ್ಕ್ಸ್ ಕೊಡೋರು ಯಾರೋ, ಪಾಪ," ಎಂದು ನಗಲು ಹೋದ. ನಗೆಗೂ ಉಸಿರು ಸಾಲಲಿಲ್ಲ. ಅವಳು ಮಾಸ್ಕ್ ಸರಿಮಾಡಿದಳು. ಎರಡು ದಿನ ಕಳೆದು, ಮಧ್ಯಾಹ್ನ, ಅಮ್ಮ ಹೋಗಿ ಅಪ್ಪ ಇನ್ನೂ ಬಂದಿರದ ಹೊತ್ತಿನಲ್ಲಿ, ಅವನು ಹೋಗಿಬಿಟ್ಟ.

ಮಣ್ಣು ಮಾಡುವಾಗ ಪಾಸ್ಟರ್ ದೇವರ ಚಿತ್ತದ ಬಗ್ಗೆ ಮಾತಾಡಿದರು. ಅಪ್ಪ ಗೇಟಿನಿಂದ ಒಳಗೆ ಬರಲಿಲ್ಲ. ಮೇಡಂ ಬಂದಿದ್ದರು, ಯಾರ ಪರಿಚಯವೂ ಇಲ್ಲದೆ ಕೊನೆಯಲ್ಲಿ ನಿಂತಿದ್ದರು. "ಆ ದಿನ ಕ್ಲಾಸಲ್ಲಿ ನನಗೆ ಗೊತ್ತಿರಲಿಲ್ಲಮ್ಮ," ಎಂದರು.

"ಪಾಠ ಸರಿಯಾಗೇ ಇತ್ತು ಮೇಡಂ," ಎಂದಳು ದೊಡ್ಡವಳು.

ಅವಳು ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ, ಕ್ಲಾಸನ್ನೂ ಬಿಡಲಿಲ್ಲ. 'ಹವ್ವ' ಎಂದು ಯಾರೂ ಕರೆಯುತ್ತಿರಲಿಲ್ಲ. ಅವಳು ಬಂದರೆ ಬೆಂಚಿನಲ್ಲಿ ಸುಮ್ಮನೆ ಜಾಗ ಬಿಡುತ್ತಿದ್ದರು. ಪ್ರಾರ್ಥನೆಗೆ ಕೂತರೆ ಮೊದಲಿನ ಹಾಗೆ ಏನನ್ನೂ ಕೇಳಿಕೊಳ್ಳಲಾಗುತ್ತಿರಲಿಲ್ಲ. 'ಕರ್ತನೇ' ಎಂದು ಕರೆದು, ಮುಂದೇನೂ ತೋಚದೆ, ಬಹಳ ಹೊತ್ತು ಹಾಗೆಯೇ ಕೂತಿರುತ್ತಿದ್ದಳು.

ವರ್ಷ ತಿರುಗುವ ಮೊದಲು, ಒಂದು ಬೆಳಗ್ಗೆ ಅಮ್ಮ ಮಿಷನ್ನಿಗೆ ಬಟ್ಟೆ ಹೊದಿಸಿ, ಸೀರೆ ಬದಲಾಯಿಸಿ ಬಂದು ನಿಂತಳು. "ನಡಿ, ನಿನ್ನ ರಕ್ತದಲ್ಲೂ ಅದು ಇದೆಯಾ ಅಂತ ತೋರಿಸ್ಕೊಂಡು ಬರೋಣ," ಎಂದಳು. ಇಬ್ಬರೂ ಬಸ್ಸು ಹತ್ತಿದರು.

ಆಸ್ಪತ್ರೆಯ ಕೊಠಡಿಯಲ್ಲಿ ನರ್ಸ್ ಒಂದು ಫಾರಂ ಎಳೆದುಕೊಂಡು, "ಮನೆತನದಲ್ಲಿ ಯಾರಿಗಾದ್ರೂ ಇತ್ತಾ?" ಎಂದು ಕೇಳಿದಳು. ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ತುಂಬ ಜನ.

"ನನ್ನ ತಮ್ಮನಿಗೆ. ಆಮೇಲೆ ನನ್ನ ಮಗನಿಗೆ." ಅಮ್ಮ ದನಿ ತಗ್ಗಿಸಲಿಲ್ಲ.

ನರ್ಸ್ ಬರೆದುಕೊಂಡಳು. "ಬೇರೆ ಯಾರಿಗಾದ್ರೂ?"

ಅಮ್ಮ ದೊಡ್ಡವಳ ಮಣಿಕಟ್ಟು ಹಿಡಿದುಕೊಂಡಳು.

"ಗೊತ್ತಿಲ್ಲ," ಎಂದಳು. "ಅದನ್ನ ತಿಳ್ಕೊಳ್ಳೋಕೇ ಬಂದಿದ್ದೀವಿ."