ನಿಧಾನವಾಗಿ ಹಾಡು ಎತ್ತುತ್ತಿದ್ದ ಡೀಕನ್ ಟಾರ್ವರ್

ನಮ್ಮ ಚರ್ಚಿನ ಹಿರಿಯರಾಗಿದ್ದ ಡೀಕನ್ ಲೂಶಸ್ ಟಾರ್ವರ್ ಹಾಡು ಎತ್ತಿದರೆ, ಪಿಯಾನೊ ನುಡಿಸುವ ವರ್ಡೆಲ್ ಅಕ್ಕ ಬೆರಳುಗಳನ್ನು ಮೇಲೆತ್ತಿಕೊಂಡು ಕಾಯಬೇಕಾಗುತ್ತಿತ್ತು, ಅಷ್ಟು ನಿಧಾನ. ಒಂದು ಸಾಲು ಹೇಳಿ, ಕಪ್ಪು ಕೋಟಿನ ಕೊನೆಯ ಗುಂಡಿಯನ್ನು ಮುಟ್ಟಿ, ಸಭೆಯ ಮೇಲೆಲ್ಲ ಕಣ್ಣಾಡಿಸಿ, ಆ ಸಾಲನ್ನು ತಿರುಗಿ ಹಾಡುವ ಸಭೆಯಲ್ಲಿ ತೊಂಬತ್ತು ದಾಟಿದ ಪರ್ಲಮ್ಮನ ತುಟಿಗಳೂ ನಿಂತ ಮೇಲೆಯೇ ಅವರು ಮುಂದಿನ ಸಾಲಿಗೆ ಹೋಗುತ್ತಿದ್ದದ್ದು. ಅಮೆರಿಕದ ದಕ್ಷಿಣದಲ್ಲಿರುವ ನಮ್ಮ ಜಾರ್ಜಿಯಾದ ಜುಲೈ ಸೆಕೆಯಲ್ಲೂ ಅವರು ಆ ಕೋಟು ಬಿಚ್ಚಿದ್ದನ್ನು ನಾನು ಕಂಡಿಲ್ಲ.

"ತಾತ, ಈ ನಡಿಗೇಲಿ ಹೋದ್ರೆ ನಾವು ತಲುಪೋ ಹೊತ್ತಿಗೆ ಸ್ವರ್ಗದ ಬಾಗಿಲು ಹಾಕಿರ್ತಾರೆ," ಎಂದು ವರ್ಡೆಲ್ ಅಕ್ಕ ಛೇಡಿಸುತ್ತಿದ್ದರು.

"ಹಾಕ್ಕೊಳ್ಲಿ ಬಿಡು ತಾಯಿ. ಪರ್ಲಮ್ಮನ್ನ ಬಿಟ್ಟು ನಾನಂತೂ ಒಳಗೆ ಹೋಗಲ್ಲ."

ಈ ನಿಧಾನವನ್ನು ಅವರು ಕಲಿತದ್ದು ಚರ್ಚಿನಲ್ಲಲ್ಲ, ರಸ್ತೆಯಲ್ಲಿ. ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ, ಇಪ್ಪತ್ತರ ಪ್ರಾಯದವರಾಗಿ ಕೆಲಸ ಹುಡುಕುತ್ತ ರೈಲು ನಿಲ್ದಾಣದಲ್ಲಿ ಕೂತಿದ್ದಾಗ, ಅಲೆಮಾರಿ ಎಂಬ ಆರೋಪದ ಮೇಲೆ ಅವರನ್ನು ಹಿಡಿದರು. ಅದೇ ಬೆಂಚಿನಿಂದ, ಅದೇ ಆರೋಪದ ಮೇಲೆ ಹಿಡಿದು ತಂದಿದ್ದ ಬಿಳಿಯನಿಗೆ ನ್ಯಾಯಾಧೀಶರು ಮನೆಗೆ ಹೋಗಲು ಹೇಳಿದರು. ಕರಿಯರಾದ ಇವರಿಗೆ ಒಂದು ವರ್ಷ ಸೆರೆ. ಕಾಲಿಗೆ ಬೇಡಿ, ಬೇಡಿಗೆ ಸರಪಳಿ. ರಸ್ತೆ ಕಡಿಯುತ್ತಿದ್ದ ಆ ಸಾಲಿನ ಮೂವತ್ತು ಜನರೂ ಕರಿಯರೇ; ಬಿಳಿಯನೆಂದರೆ ಬಂದೂಕು ಹಿಡಿದ ಕಾವಲುಗಾರ.

ಸಾಲಿನಲ್ಲಿ ಒಬ್ಬ ಹಾಡು ಎತ್ತಬೇಕು, ಉಳಿದವರು ಅದರ ತಾಳಕ್ಕೆ ಪಿಕಾಸಿ ಇಳಿಸಬೇಕು. ಕಾವಲುಗಾರ ಅದನ್ನು ಕರಿಯರ ಮೋಜೆಂದುಕೊಂಡಿದ್ದ. ಆದರೆ ಮೂವತ್ತು ಪಿಕಾಸಿಗಳು ಒಟ್ಟಿಗೆ ಏಳುವಾಗ ಯಾರು ಸೋತಿದ್ದಾರೆಂದು ಹೊರಗಿನವರಿಗೆ ಕಾಣುವುದಿಲ್ಲ. ಹಿಂದೆ ಬಿದ್ದವನಿಗೆ ತಗಡಿನ ಪೆಟ್ಟಿಗೆಯ ಶಿಕ್ಷೆ: ಬಿಸಿಲಿನಲ್ಲಿ, ನಿಲ್ಲಲಷ್ಟೇ ಜಾಗ. ಆ ಸಾಲಿಗೆ ಹಾಡು ಎತ್ತುತ್ತಿದ್ದವರು ಟಾರ್ವರ್.

ಆಗಸ್ಟಿನ ಒಂದು ದಿನ ಸಾಲಿನಲ್ಲಿ ಅವರ ಪಕ್ಕದಲ್ಲಿದ್ದ ಕ್ಲೀವನ್ ಎಂಬವನಿಗೆ ಮೈ ಸುಡುವ ಜ್ವರ. ಪೆಟ್ಟಿಗೆಗೆ ಹೋಗಿದ್ದರೆ ಅವನು ಹೆಣವಾಗಿಯೇ ಹೊರಬರುತ್ತಿದ್ದ. ಟಾರ್ವರ್ ಹಾಡನ್ನು ಅವನ ಉಸಿರಿನ ಮಟ್ಟಕ್ಕೆ ಇಳಿಸಿದರು. ಮೂವತ್ತು ಪಿಕಾಸಿಗಳೂ ನಿಧಾನವಾದವು.

"ಏನೋ, ಯಾರ ಹೆಣ ಹೊರ್ತಿದೀಯಾ? ಬೇಗ ಹಾಡೋ!" ಎಂದ ಕಾವಲುಗಾರ.

"ಪಿಕಾಸಿ ನಿಧಾನಕ್ಕೆ ಬಿದ್ರೆ ಆಳಕ್ಕೆ ಹೋಗುತ್ತೆ, ಕ್ಯಾಪ್ಟನ್."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾವಲುಗಾರ ಟಾರ್ವರ್ ಅವರನ್ನು ಸರಪಳಿಯಿಂದ ಬಿಡಿಸಿ, ರಸ್ತೆಯಂಚಿನಲ್ಲೇ ಇದ್ದ ಪೆಟ್ಟಿಗೆಗೆ ನೂಕಿದ.

ಆಗ ಭಯವಾಗಲಿಲ್ಲವೇ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಭಯ ಆಯ್ತು ಮಗಾ, ಕ್ಲೀವನ್ ಗತಿ ನೆನೆದು. ಆಚೆ ಸದ್ದೇ ಇರ್ಲಿಲ್ಲ. ಆಮೇಲೆ ಯಾರೋ ಹಾಡು ಎತ್ತಿದ್ರು. ಥೂ, ಕಾಗೆ ಗಂಟಲು! ಆದ್ರೆ ನಾನು ಬಿಟ್ಟು ಬಂದಿದ್ದ ನಡಿಗೇನೇ. ಒಂದು ಕೂದಲೆಳೆ ಆಚೀಚೆ ಇಲ್ಲ."

ಆ ಕಾಗೆ ಗಂಟಲಿನವನಿಗೂ ಲಾಠಿ ಏಟು ಬಿತ್ತು, ಮೂರನೆಯವನು ಎತ್ತಿದ. ಪೆಟ್ಟಿಗೆ ಇದ್ದದ್ದು ಒಂದೇ, ಗಂಟಲುಗಳು ಬಹಳ. ಹಾಡು ಒಬ್ಬನಲ್ಲಿದೆ ಎಂದುಕೊಂಡಿದ್ದ ಕಾವಲುಗಾರ ಸಂಜೆಗೆ ಸುಮ್ಮನಾದ. ಕ್ಲೀವನ್ ಬದುಕಿದ, ಶಿಕ್ಷೆ ಮುಗಿಸಿ ತಾಯಿಯ ಮನೆಗೆ ತನ್ನ ಕಾಲಮೇಲೆಯೇ ನಡೆದು ಹೋದ.

ಆ ರಸ್ತೆಗೆ ಈಗ ಯಾವನೋ ಅಧಿಕಾರಿಯ ಹೆಸರಿದೆ. ಕಡಿದವರ ಹೆಸರು ಎಲ್ಲೂ ಇಲ್ಲ. ಹಾಡು ಎತ್ತುವವರಿಗೆ ಕಲ್ಲಿನ ಮೇಲೆ ಹೆಸರು ಸಿಗುವುದು ಕಡಿಮೆ, ಏಕೆಂದರೆ ಅವರು ತಮ್ಮ ಕಸುಬನ್ನು ಕಾವಲುಗಾರನಿಗೆ ಕಾಣದಂತೆ ಮಾಡುತ್ತಾರೆ. ಕಾನೂನು ನಮ್ಮವರನ್ನು ಸರಪಳಿಯಿಂದ ಸಾಲಾಗಿ ಕಟ್ಟಿತು. ಆ ಸಾಲನ್ನು ಒಂದು ಜನವಾಗಿ ಮಾಡಿದವರು ಇವರು. ಅಂಥವರ ಕಡೆಯವರು ನಾವು ಎಂದು ಹೇಳುವಾಗ ನಮ್ಮಲ್ಲಿ ಯಾರ ದನಿಯೂ ಕುಗ್ಗಬೇಕಾಗಿಲ್ಲ.